ಕೆಂಪು ಕಾರು, ಕರ್ಪೂರದ ಆಣೆ

ಪೂಜೆ ಮಾಡಿಸೋದು ನನ್ನ ಕಸುಬು. ಮುಳಬಾಗಿಲಲ್ಲಿ ಮನೆ. ಮದುವೆ, ಮುಂಜಿ, ಗೃಹಪ್ರವೇಶ ಅಂತ ವರ್ಷವೆಲ್ಲಾ ಕೋಲಾರ, ಮಾಲೂರು, ಶ್ರೀನಿವಾಸಪುರ ಸುತ್ತುತ್ತಾ ಇರ್ತೀನಿ. ದೇವರ ಕೆಲಸ ಎಲ್ಲಾ ಕಡೆ ಸರಿಯಾಗೇ ನಡೆಯುತ್ತೆ. ಎಡವಟ್ಟಾಗೋದು ಹೋಗೋವಾಗ, ಇಲ್ಲಾ ಬರೋವಾಗ. ಬೇರೆ ಪುರೋಹಿತರಿಗೆ ವರ್ಷಕ್ಕೊಂದು ಆಗೋ ಇಂಥದ್ದು ನನಗೆ ವಾರಕ್ಕೊಂದು ಆಗ್ತಿತ್ತು. ಕಾರಣ ನನ್ನ ಕಾರು.

ಕಾರಿನ ಕಂಪನಿ ಹೆಸರು ಹೇಳಲ್ಲ. ಹೇಳಿದ್ರೆ ಬೇರೆ ಕಂಪನಿ ಕಾರು ಇಟ್ಕೊಂಡಿರೋ ಸ್ನೇಹಿತರು ಮನೆ ಬಾಗಿಲಿಗೆ ಜಗಳಕ್ಕೆ ಬರ್ತಾರೆ. ಕೆಂಪು ಬಣ್ಣ, ಮೊಂಡು ಹಿಂಭಾಗ, ಸಣ್ಣ ಗಾತ್ರ. ಇಪ್ಪತ್ತು ವರ್ಷ ದಾಟಿದೆ. ಆ ಕಾಲದಲ್ಲಿ ಸಣ್ಣ ಕಾರಿಗೆ ಒಳ್ಳೇ ಗಟ್ಟಿ ಎಂಜಿನ್ ಕೂರಿಸಿ, ಪಾಪ, ಸಾಮಾನ್ಯ ಮನುಷ್ಯನಿಗೂ ಒಂದಿಷ್ಟು ಮಜಾ ಇರಲಿ ಅಂತ ಕೊಡ್ತಿದ್ರು. ಗೇರು ಟಕ್ ಅಂತ ಬೀಳೋದು. ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗೋದು. ರಸ್ತೆ ಮೇಲೆ ಕಡಲೆಕಾಯಿ ಸಿಪ್ಪೆ ಬಿದ್ದಿದ್ರೂ ಸ್ಟೇರಿಂಗ್ ಹಿಡಿದ ಅಂಗೈಗೆ ಗೊತ್ತಾಗೋದು. ಈಗಿನ ಕಾರುಗಳನ್ನ ಹತ್ತೋಕೆ ಏಣಿ ಬೇಕು. ಹತ್ತಿ ಕೂತ ಮೇಲೆ ಟಿವಿ ನೋಡ್ಕೊಂಡು ಹೋಗೋದು. ಅದನ್ನ ಓಡಿಸೋದು ಅಂತಾರೇನ್ರೀ? ಮುಳಬಾಗಿಲಿಂದ ಶ್ರೀನಿವಾಸಪುರಕ್ಕೆ ಬೆಳಗಿನ ಹೊತ್ತು ನನ್ನ ಕಾರಲ್ಲಿ ಒಬ್ಬನೇ ಹೋಗೋವಾಗ ನನಗಾಗ್ತಿದ್ದ ಸಂತೋಷ, ಸತ್ಯವಾಗ್ಲೂ, ದಕ್ಷಿಣೆ ತಗೊಳ್ಳೋವಾಗಲೂ ಆಗಲ್ಲ.

ಕಾರು ಬಂದ ಹೊಸದರಲ್ಲಿ ನನ್ನ ಹೆಂಡತಿಗೂ ಓಡಿಸೋದು ಕಲಿಸಿದ್ದೆ. ಚೆನ್ನಾಗೇ ಕಲಿತಳು, ಲೈಸೆನ್ಸೂ ಬಂತು. ಆದ್ರೆ ಪಕ್ಕದಲ್ಲಿ ಕೂತು ನಾನು "ಕ್ಲಚ್ಚು! ಕ್ಲಚ್ಚು!" ಅಂತ ಕಿರುಚೋದನ್ನ ತಡೀಲಾರದೆ ಒಂದು ದಿನ ನಡುರಸ್ತೇಲಿ ಇಳಿದುಬಿಟ್ಟಳು. "ತಗೊಳ್ಳಿ, ನಿಮ್ಮ ಕ್ಲಚ್ಚಿಗೆ ನೀವೇ ಅಭಿಷೇಕ ಮಾಡ್ಕೊಳ್ಳಿ" ಅಂತ ನಡೆದೇ ಮನೆಗೆ ಹೋದಳು. ಅವತ್ತಿಂದ ಸ್ಟೇರಿಂಗ್ ಮುಟ್ಟಲಿಲ್ಲ. ಲೈಸೆನ್ಸ್ ಮಾತ್ರ ತಪ್ಪದೆ ರಿನ್ಯೂ ಮಾಡಿಸ್ತಾ ಬಂದಳು. ಯಾಕೆ ಅಂತ ನಾನು ಕೇಳಲೂ ಇಲ್ಲ.

ನರಸಾಪುರದ ಶಿಫ್ಟು

ಮಾಲೂರಲ್ಲಿ ನನ್ನ ನಾದಿನಿ ಮಗಳ ಸೀಮಂತ. ಹೆಂಡತಿ ಹಸಿರು ರೇಷ್ಮೆ ಸೀರೆ ಉಟ್ಟು, ಮಡಿಲು ತುಂಬೋ ಸಾಮಾನಿನ ತಟ್ಟೆ ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ನರಸಾಪುರದ ಹತ್ತಿರ ಹೂವು ತಗೊಳ್ಳೋಕೆ ನಿಲ್ಲಿಸಿದೆ. ಹೂವು ಸಿಕ್ತು, ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದ್ರೆ "ಟಿಕ್" ಅನ್ನುತ್ತೆ, ಅಷ್ಟೇ.

"ಸ್ವಲ್ಪ ಇಳಿದು ತಳ್ತೀಯಾ?" ಅಂದೆ.

"ನಾನಾ? ಈ ಸೀರೇಲಿ?"

"ನಾನು ತಳ್ಳೋಕೆ ಇಳಿದ್ರೆ ಒಳಗೆ ಕ್ಲಚ್ ಬಿಡೋರ್ ಯಾರೇ? ನೀನು ಸ್ಟೇರಿಂಗ್ ಮುಟ್ಟಲ್ಲ ಅಂತೀಯ."

ಅದೇ ಹೊತ್ತಿಗೆ ಫ್ಯಾಕ್ಟರಿ ಶಿಫ್ಟ್ ಬಿಟ್ಟಿತ್ತು. ರಸ್ತೆ ತುಂಬಾ ಜನ, ಸಾಲಾಗಿ ಕಂಪನಿ ಬಸ್ಸುಗಳು. ಅಷ್ಟೂ ಜನರ ಮುಂದೆ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದಳು. ಕಾರು ಗುರ್ ಅಂತ ಎದ್ದಿತು. ಅಲ್ಲೇ ನಿಲ್ಲಿಸಿ ಅವಳನ್ನ ಹತ್ತಿಸಿಕೊಳ್ಳಬೇಕಿತ್ತು. ಎದುರಿಗೆ ನೋಡಿದ್ರೆ ಏರು. ನಿಲ್ಲಿಸಿ ಆಫ್ ಆದ್ರೆ ಮತ್ತೆ ತಳ್ಳೋರ್ ಯಾರು? ಏರು ಹತ್ತಿ, ಆ ಕಡೆ ಇಳಿಜಾರಲ್ಲಿ ನಿಲ್ಲಿಸಿಕೊಂಡ್ರಾಯ್ತು, ನಾಲ್ಕು ಹೆಜ್ಜೆ ನಡೆದು ಬರ್ತಾಳೆ ಅಂದುಕೊಂಡು ಹೋಗೇಬಿಟ್ಟೆ.

ಇಳಿಜಾರಲ್ಲಿ ನಿಲ್ಲಿಸಿ ಕಾದೆ, ಕಾದೆ, ಅವಳ ಸುಳಿವೇ ಇಲ್ಲ. ಒಂದಾದ ಮೇಲೊಂದು ಕಂಪನಿ ಬಸ್ಸು ಹೋಯ್ತು. ಕೊನೆಗೆ ಹೆದರಿಕೊಂಡು ಮಾಲೂರಿಗೆ ಹೋದ್ರೆ ನಾನು ಹೋಗೋ ಹೊತ್ತಿಗೆ ಇವಳು ಆಗಲೇ ಬಸುರಿ ಹುಡುಗಿಗೆ ಬಳೆ ತೊಡಿಸ್ತಾ ಕೂತಿದ್ದಾಳೆ! ಫ್ಯಾಕ್ಟರಿ ಹುಡುಗಿಯರು ಅಯ್ಯೋ ಪಾಪ ಅಂತ ತಮ್ಮ ಬಸ್ಸಿಗೆ ಹತ್ತಿಸಿಕೊಂಡಿದ್ರು. ಇಳಿಜಾರಲ್ಲಿ ನಾನು ನಿಂತಿದ್ದನ್ನ ಕಿಟಕಿಯಿಂದ ನೋಡಿಯೂ ಇದ್ದಳಂತೆ.

ಬೀಗರು ಕೇಳಿದ್ರು, "ಏನಮ್ಮಾ, ಯಾರ ಜೊತೆ ಬಂದ್ರಿ?"

"ಶಿಫ್ಟ್ ಮುಗೀತು, ಕಂಪನಿ ಬಸ್ಸಲ್ಲಿ ಬಂದೆ" ಅಂದಳು ಇವಳು.

ಮನೆಗೆ ಬಂದ ಕೂಡಲೇ ದೇವರ ಮುಂದೆ ಕರ್ಪೂರ ಹಚ್ಚಿದಳು. "ಇನ್ನು ಮೇಲೆ ಈ ಕಾರನ್ನ ಯಾರ ಕೈಲೂ ತಳ್ಳಿಸಲ್ಲ, ತಳ್ಳಿಸಿದ್ರೆ ಅವತ್ತೇ ಮಾರ್ತೀನಿ ಅಂತ ಆಣೆ ಮಾಡಿ." ಮಾಡಿದೆ. ಊರವರಿಗೆಲ್ಲಾ ಆಣೆ, ಪ್ರಮಾಣ, ಸಂಕಲ್ಪ ಮಾಡಿಸೋ ನಾನು ಕರ್ಪೂರ ಮುಟ್ಟಿ ತಪ್ಪೋ ಹಾಗಿಲ್ಲವಲ್ಲ. ಕಾರು ಉಳೀಬೇಕಂದ್ರೆ ಅದನ್ನ ಯಾರೂ ತಳ್ಳಬಾರದು. ಆದ್ರೆ ನಮ್ಮೂರಿನ ಮೆಕ್ಯಾನಿಕ್ ನೋಡಿ, "ಸೆಲ್ಫ್ ಮೋಟಾರ್ ಹೋಗಿದೆ ಸ್ವಾಮಿ. ಈ ಕಾರಿಗೆ ಹೊಸದು ಬರೋದು ನಿಂತೇಹೋಗಿದೆ. ಹಳೇದು ಎಲ್ಲಾದ್ರೂ ಸಿಕ್ರೆ ತನ್ನಿ" ಅಂದುಬಿಟ್ಟ.

ಇಳಿಜಾರಿನ ವಾಸ್ತು

ತಳ್ಳೋ ಹಾಗಿಲ್ಲ, ಸೆಲ್ಫ್ ಎತ್ತಲ್ಲ. ಉಳಿದಿದ್ದು ಒಂದೇ ದಾರಿ, ಇಳಿಜಾರು. ಎಲ್ಲಿಗೆ ಹೋದ್ರೂ ಮೂತಿ ಕೆಳಗೆ ಮಾಡಿ ನಿಲ್ಲಿಸೋದು, ಹೊರಡೋವಾಗ ಬ್ರೇಕ್ ಬಿಡೋದು. ಕಾರು ಉರುಳುತ್ತೆ, ಎರಡನೇ ಗೇರಲ್ಲಿ ಕ್ಲಚ್ ಬಿಟ್ರೆ ಎದ್ದುಬಿಡುತ್ತೆ. ನಮ್ಮನೆ ಮುಂದೆ ದೇವರ ದಯೆಯಿಂದ ಒಂದು ಒಳ್ಳೇ ಇಳಿಜಾರಿದೆ. ಫೋನಲ್ಲಿ ಪೂಜೆ ಒಪ್ಪಿಕೊಳ್ಳೋಕೆ ಮುಂಚೆ ಎಲ್ಲರನ್ನೂ "ನಿಮ್ಮನೆ ಮುಂದೆ ಜಾಗ ಹೇಗಿದೆ? ಮಟ್ಟವಾ, ಇಳಿಜಾರಾ?" ಅಂತ ಕೇಳೋಕೆ ಶುರು ಮಾಡಿದೆ.

ಹುತ್ತೂರಿನ ಹತ್ತಿರ ಒಬ್ಬ ರೈತ ರೇಷ್ಮೆ ಹುಳು ಸಾಕೋಕೆ ಹೊಸ ಮನೆ ಕಟ್ಟಿದ್ದ. ಪೂಜೆಗೆ ಹೋದ್ರೆ ಸುತ್ತ ಹಿಪ್ಪುನೇರಳೆ ತೋಟ, ಎಲ್ಲಾ ಅಂಗೈ ಹಾಗೆ ಮಟ್ಟ. ಎಂಜಿನ್ ಆಫ್ ಮಾಡದೆ ಇಳಿದು, ಎಲ್ಲಾದ್ರೂ ಒಂದು ದಿಣ್ಣೆ ಸಿಗುತ್ತಾ ಅಂತ ಬಗ್ಗಿ ಬಗ್ಗಿ ನೋಡ್ತಾ ಕಟ್ಟಡದ ಸುತ್ತ ಪ್ರದಕ್ಷಿಣೆ ಹಾಕಿದೆ. ರೈತ ಕೈಕಟ್ಟಿಕೊಂಡು ಹಿಂದೆ ಹಿಂದೆ ಬಂದ.

"ಏನ್ ಜೋಯಿಸ್ರೇ, ಏನಾದ್ರೂ ದೋಷ ಐತಾ?"

ನಾನು ಕಾರಿನ ಯೋಚನೇಲೇ ಇದ್ದೆ. "ಈ ಮೂಲೇಲಿ ಸ್ವಲ್ಪ ಎತ್ತರ ಇದ್ದು, ಆ ಕಡೆ ಇಳಿಜಾರಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತಪ್ಪಾ" ಅಂದೆ. ನಾನು ಕೈ ತೋರಿಸಿದ ಮೂಲೆ ನೈಋತ್ಯ, ಇಳಿಜಾರು ಕೇಳಿದ್ದು ಈಶಾನ್ಯಕ್ಕೆ. ವಾಸ್ತು ಹೇಳೋದೂ ಅದನ್ನೇ. ಅವನು ಎರಡೂ ಕೈ ಜೋಡಿಸಿದ. ಪೂಜೆ ಮುಗಿಯೋವರೆಗೂ ನನ್ನ ಕಾರು ಆಫ್ ಆಗದೆ ಗುರುಗುಟ್ತಾನೇ ಇತ್ತು. ನಾನು ಬೇಗ ಬೇಗ ಮಂತ್ರ ಮುಗಿಸಿ ಹೊರಟೆ.

ಮುಂದಿನ ಸಲ ಅವನ ತಮ್ಮನ ಮನೆ ಪೂಜೆಗೆ ಅದೇ ಊರಿಗೆ ಹೋದ್ರೆ ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಹುಳು ಮನೆಯ ನೈಋತ್ಯ ಮೂಲೇಲಿ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ಸುರಿಸಿ, ರೋಲರ್ ಹೊಡೆಸಿ, ನಯವಾಗಿ ಇಳಿಜಾರು ಮಾಡಿಸಿದ್ದಾನೆ. "ನೀವೇಳಿದ್ ಮೇಲೆ ಗೂಡು ಭಾಳ ಚೆನ್ನಾಗ್ ಬಂತು ಜೋಯಿಸ್ರೇ! ನೋಡಿ, ತಮ್ಮನೂ ಹಾಕಿಸವ್ನೆ, ಪಕ್ಕದ್ಮನೆಯೋರೂ ಹಾಕಿಸವ್ರೆ."

ಆಮೇಲೆ ಇಡೀ ತಾಲೂಕಲ್ಲಿ ನಾನು ನಿಶ್ಚಿಂತೆಯಾಗಿ ಕಾರು ಆಫ್ ಮಾಡ್ತಿದ್ದದ್ದು ಆ ಊರಲ್ಲಿ ಮಾತ್ರ.

ಕೋಳಿ ಇಟ್ಟ ಮುಹೂರ್ತ

ಕೋಲಾರದಲ್ಲಿ ನನಗೊಬ್ಬ ಹಲ್ಲಿನ ಡಾಕ್ಟರ್ ಸ್ನೇಹಿತ ಇದ್ದಾನೆ. ಅವನಿಗೂ ಇದೇ ಹುಚ್ಚು, ಬೇರೆ ಕಂಪನಿ ಕಾರು. ರೋಗಿ ಬಾಯಿ ತೆಗೆದು ಮಲಗಿದ್ರೆ ಸಾಕು, ಇವನು ಹಳೇ ಸಣ್ಣ ಕಾರುಗಳ ಪುರಾಣ ಶುರು ಮಾಡ್ತಾನೆ. ಬಾಯಲ್ಲಿ ಹತ್ತಿ ತುರುಕಿರೋರು ಎದ್ದು ಹೋಗೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ. ಒಂದು ದಿನ ನನ್ನ ಕಾರಿನ ಸೆಲ್ಫ್ ಮೋಟಾರಿನ ಕಷ್ಟ ಹೇಳ್ತಾ ಒಬ್ಬ ಮಾವಿನ ವ್ಯಾಪಾರಿಯ ದವಡೆ ಹಲ್ಲು ಕೀಳ್ತಿದ್ದನಂತೆ. ಆ ವ್ಯಾಪಾರಿ ಕೈಕಾಲು ಒದರೋಕೆ ಶುರು ಮಾಡಿದ. ನೋವಾಯ್ತೇನೋ ಅಂತ ಡಾಕ್ಟರ್ ಇನ್ನೊಂದು ಇಂಜೆಕ್ಷನ್ ಕೊಟ್ಟ. ಅವನು ಮತ್ತೂ ಒದರಿದ. ಹತ್ತಿ ತೆಗೆದ ಮೇಲೆ ಗೊತ್ತಾಯ್ತು, "ಅಂಥದೇ ಕಾರು ರಾಯಲ್ಪಾಡಲ್ಲಿ ನಮ್ಮ ದೊಡ್ಡಮ್ಮನ ಹಿತ್ತಲಲ್ಲಿ ನಿಂತೈತೆ" ಅಂತ ಹೇಳೋಕೆ ಪಾಡು ಪಟ್ಟಿದ್ದ, ಪಾಪ.

ಡಾಕ್ಟರ್ ಕ್ಲಿನಿಕ್ಕಿಗೆ ಬಾಗಿಲು ಹಾಕಿ, ನನ್ನನ್ನ ಕರ್ಕೊಂಡು ಅವನ ಕಾರಲ್ಲೇ ರಾಯಲ್ಪಾಡಿಗೆ ಹೊರಟ. ದಾರಿಯುದ್ದಕ್ಕೂ ಅವನ ಗೇರೇ ಮೇಲು ಅಂತ ಅವನು, ನನ್ನದೇ ಮೇಲು ಅಂತ ನಾನು.

ಹಿತ್ತಲಲ್ಲಿ ಹುಣಸೆಮರದ ಕೆಳಗೆ ಕಾರು ನಿಂತಿತ್ತು. ನಿಜವಾಗ್ಲೂ ನನ್ನ ಕಾರಿನ ಅಣ್ಣನೇ! ಬಾನೆಟ್ ಇಲ್ಲ, ಗಾಜಿಲ್ಲ, ಬಣ್ಣವೂ ಇಲ್ಲ. ಒಂದು ಕಾಲದಲ್ಲಿ ಹೇಗೆ ಓಡಿರಬೇಕು ಇದು! ಬಗ್ಗಿ ನೋಡಿದ್ರೆ ಸೆಲ್ಫ್ ಮೋಟಾರ್ ಅದರ ಜಾಗದಲ್ಲೇ ಗಟ್ಟಿಯಾಗಿದೆ. ಅದರ ಪಕ್ಕದಲ್ಲಿ, ಹುಲ್ಲಿನ ಮೇಲೆ, ಒಂದು ಕೋಳಿ ಕೂತಿದೆ.

ಕೈ ಹಾಕಿದ ಡಾಕ್ಟರಿಗೆ ಕುಕ್ಕಿತು. ಒಳಗಿಂದ ಆ ದೊಡ್ಡಮ್ಮ ಓಡಿಬಂದಳು. "ಕೋಡಿ ಪೊದುಗುತಾ ಉಂದಿ ಸಾಮೀ, ಲೇಪೊದ್ದು!" ಕೋಳಿ ಕಾವಿಗೆ ಕೂತಿದೆ, ಎಬ್ಬಿಸಬೇಡಿ ಅಂತ.

"ಅಮ್ಮಾ, ನನ್ನ ಕಾರು ಉಳಿಯೋದು ಆ ಮೋಟಾರಿಂದಲೇ" ಅಂದೆ.

"ಆ ಮೋಟಾರು ನಿಮಗೇ ತಗೊಂಡೋಗಿ ಸಾಮೀ, ನನಗ್ಯಾಕೆ? ಮರಿ ಆಚೆಗ್ ಬರ್ಲಿ. ಕೋಳಿ ಎದ್ದ ಮೇಲೆ ಹೇಳಿ ಕಳಿಸ್ತೀನಿ."

ಡಾಕ್ಟರ್ ಮೆಲ್ಲಗೆ ಕೋಳಿಯನ್ನ ಬುಟ್ಟಿಗೆ ವರ್ಗಾಯಿಸೋಣವಾ ಅಂದ. ಅವಳು ಅವನನ್ನ ನೋಡಿದ ನೋಟಕ್ಕೆ ಅವನು ಕೈ ಒರೆಸಿಕೊಂಡು ಕಾರು ಹತ್ತಿದ. ಎಷ್ಟು ಜನಕ್ಕೆ ಪಂಚಾಂಗ ನೋಡಿ ದಿನ ಇಟ್ಟುಕೊಟ್ಟಿದ್ದೀನೋ ಲೆಕ್ಕವಿಲ್ಲ. ಅವತ್ತು ಮೊದಲ ಸಲ ಒಂದು ಕೋಳಿ ನನಗೆ ಮುಹೂರ್ತ ಇಟ್ಟು ಕಳಿಸಿತು.

ಕೀಂ ಕೀಂ ಮಂಗಳಾರತಿ

ಕೋಳಿ ಇನ್ನೂ ಎದ್ದಿರಲಿಲ್ಲ. ಅಷ್ಟರಲ್ಲಿ ನನ್ನ ಬಾಮೈದ ಹೊಸ ಕಾರು ತಗೊಂಡ. ಬಾಮೈದ ಅಂದ್ರೆ ನನ್ನ ಹೆಂಡತಿಯ ತಮ್ಮ, ಕೋಲಾರದಲ್ಲಿ ಕಂಟ್ರಾಕ್ಟರು. ಸಿಕ್ಕಾಗಲೆಲ್ಲಾ "ಭಾವ, ಆ ಡಬ್ಬಾ ಮಾರಿ ಭಾವ" ಅನ್ನೋದು ಅವನ ಅಭ್ಯಾಸ. ಮಗನ ಮದುವೆ ಹತ್ತಿರ ಬಂದಿತ್ತು, ಅದಕ್ಕೇ ಈ ಕಾರು. ಆಟೋಮ್ಯಾಟಿಕ್ಕು. ಕೀ ಇಲ್ಲ, ಬಟನ್ನು. ಪೂಜೆಗೆ ಅಂತ ನಮ್ಮನೆ ಮುಂದೆ ತಂದು ನಿಲ್ಲಿಸಿದ. ಬೀದಿಯ ಅರ್ಧ ಅದೇ ಆಯ್ತು.

ಹೊಟ್ಟೆಯೊಳಗಿನ ಉರಿ ಹೊಟ್ಟೆಯೊಳಗೇ ಇಟ್ಟುಕೊಂಡು ಪೂಜೆ ಮಾಡಿದೆ. ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟೆ. "ಬಟನ್ ಒತ್ತು, ಎಂಜಿನ್ ಓಡ್ತಾ ಇರಲಿ" ಅಂದು ಮುಂದೆ ನಿಂತು ಮಂಗಳಾರತಿ ಎತ್ತಿದೆ. ತಟ್ಟೆ ಹತ್ತಿರ ಹೋದ ಕೂಡಲೇ ಕಾರು "ಕೀಂ ಕೀಂ ಕೀಂ" ಅಂತು. ಹಿಂದೆ ಸರಿದೆ, ನಿಂತುಹೋಯ್ತು. ಮತ್ತೆ ಎತ್ತಿದೆ, "ಕೀಂ ಕೀಂ ಕೀಂ". ಬೀದಿ ಜನ ಎಲ್ಲಾ ಹೊರಗೆ ಬಂದ್ರು.

"ಭಾವ, ಅದು ಸೆನ್ಸಾರು! ಮುಂದೆ ಏನಾದ್ರೂ ಅಡ್ಡ ಬಂದ್ರೆ ಹೇಳುತ್ತೆ" ಅಂದ ಬಾಮೈದ, ಹೆಮ್ಮೆಯಿಂದ.

"ದೇವರ ಆರತಿ ಅಡ್ಡ ಏನೋ ಅದಕ್ಕೆ?"

ಸರಿ, ನಿಂಬೆಹಣ್ಣಿನ ಮೇಲೆ ಹತ್ತಿಸು ಅಂದೆ. ಅವನು ಆಕ್ಸಿಲರೇಟರ್ ತುಳಿದ. ಕಾರು ಒಂದು ಸಲ ಅಲುಗಾಡಿ ತಾನೇ ಬ್ರೇಕ್ ಹಾಕ್ಕೊಂಡು ನಿಂತಿತು. ಮುಂದೆ ನಾನಿದ್ದೀನಲ್ಲ! ನಾನು ಪಕ್ಕಕ್ಕೆ ಬಂದೆ. ಆಗ ಇವಳು ಆರತಿ ತಟ್ಟೆಗೆ ಕೈ ಚಾಚಿ ಮುಂದೆ ಬಂದಳು. ಮತ್ತೆ ನಿಂತಿತು. ಅವಳು ಸರಿದ್ರೆ ಬೀದಿ ನಾಯಿ. ಕೊನೆಗೆ ಇಡೀ ಬೀದಿ ಜನ ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದು ನಿಂತ ಮೇಲೆ ನಿಂಬೆಹಣ್ಣು ಪಚಕ್ ಅಂತು.

ನಾನು ನಕ್ಕೆ. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ನೋಡ್ರೀ, ಕಾರು ಅಂದ್ರೆ ಹೀಗಿರಬೇಕು. ಮನುಷ್ಯರು ಅಂದ್ರೆ ನಿಲ್ಲುತ್ತೆ. ನಿಮ್ಮದು ಹೆಂಡತಿ ಹಿಂದೆ ಓಡಿ ಬರ್ತಿದ್ರೂ ನಿಲ್ಲಲ್ಲ."

ಮಾಂಗಲ್ಯ ಹೋಯ್ತು, ಪುರೋಹಿತ ಉಳಿದ

ಆ ಬಾಮೈದನ ಮಗನ ಮದುವೆ ಶ್ರೀನಿವಾಸಪುರದ ಛತ್ರದಲ್ಲಿ. ಪೌರೋಹಿತ್ಯ ನನ್ನದೇ. ಅವರ ಮನೆ ಪದ್ಧತಿ ಪ್ರಕಾರ ಮಾಂಗಲ್ಯ ಹಿಂದಿನ ರಾತ್ರಿ ಮನೆಯ ಹಿರಿಯ ಹೆಣ್ಣುಮಗಳ ದೇವರ ಗೂಡಲ್ಲಿರಬೇಕು, ಬೆಳಿಗ್ಗೆ ಅವಳೇ ಛತ್ರಕ್ಕೆ ತಂದುಕೊಡಬೇಕು. ಹಿರಿಯ ಹೆಣ್ಣುಮಗಳು ಅಂದ್ರೆ ನನ್ನ ಹೆಂಡತಿ. ಹಾಗಾಗಿ ಉಳಿದವರೆಲ್ಲಾ ಛತ್ರದಲ್ಲಿದ್ರು. ಬಾಮೈದ ನಮ್ಮಿಬ್ಬರನ್ನ ಕರ್ಕೊಂಡು ಹೋಗೋಕೆ ಹಿಂದಿನ ದಿನವೇ ಕಾರು ತಂದು ನಮ್ಮನೇಲಿ ಮಲಗಿದ್ದ. ತಂದು ನಿಲ್ಲಿಸಿದ್ದು ಎಲ್ಲಿ? ನನ್ನ ಇಳಿಜಾರಲ್ಲಿ! ನನ್ನ ಕೆಂಪು ಕಾರು ಪಕ್ಕದ ಮಟ್ಟ ಜಾಗದಲ್ಲಿ ಮಂಕಾಗಿ ನಿಂತಿತ್ತು.

ಬೆಳಿಗ್ಗೆ ಸ್ನಾನ, ಸಂಧ್ಯೆ ಮುಗಿಸಿ ಹೊರಟೆವು. ಬಾಮೈದ ಬಟನ್ ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಟಿವಿಯೂ ಇಲ್ಲ, ಕೀಂ ಕೀಂ ಕೂಡ ಇಲ್ಲ. ಆಮೇಲೆ ಗೊತ್ತಾಯ್ತು, ಮದುವೆ ಹಾರಗಳು ಬಾಡದಿರಲಿ, ಗಾಳಿ ಆಡಲಿ ಅಂತ ರಾತ್ರಿಯೆಲ್ಲಾ ಹಿಂದಿನ ಬಾಗಿಲು ತೆಗೆದಿಟ್ಟಿದ್ದ. ಒಳಗಿನ ದೀಪಗಳು ಬೆಳಗಿನವರೆಗೂ ಉರಿದು ಬ್ಯಾಟರಿ ಪೂರ್ತಿ ಮಲಗಿತ್ತು. ಹಾರ ಮಾತ್ರ ಫ್ರೆಶ್ಶಾಗಿತ್ತು.

"ತಳ್ಳೋಣ ಭಾವ!"

"ಆಟೋಮ್ಯಾಟಿಕ್ಕು ತಳ್ಳಿದ್ರೆ ಸ್ಟಾರ್ಟ್ ಆಗಲ್ಲ ಕಣೋ" ಅಂದೆ. ಆ ಮಾತು ಹೇಳೋವಾಗ ನನಗಾದ ಖುಷಿ ಹೇಳಬಾರದು, ಆದ್ರೆ ಆಯ್ತು.

ಮದುವೆ ಸೀಸನ್ನು, ಊರಲ್ಲಿ ಒಂದು ಟ್ಯಾಕ್ಸಿ ಸಿಗಲಿಲ್ಲ. ಛತ್ರದಿಂದ ಫೋನ್ ಮೇಲೆ ಫೋನ್. ಮುಹೂರ್ತ ಹತ್ತಿರ ಬರ್ತಿದೆ. ಮಾಂಗಲ್ಯ ಇಲ್ಲಿದೆ, ಪುರೋಹಿತನೂ ಇಲ್ಲಿದ್ದಾನೆ. ಬಾಮೈದನ ಕಣ್ಣಲ್ಲಿ ನೀರು. ಮೂರು ಜನರ ಕಣ್ಣೂ ಕೆಂಪು ಕಾರಿನ ಮೇಲೆ ಹೋಯ್ತು. ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ, ಅದರಲ್ಲಿ ಅನುಮಾನವೇ ಇಲ್ಲ. ತಳ್ಳಿಸಿದ್ರೆ ಮಾರಬೇಕು. ಒಂದು ಕಡೆ ಹುಡುಗನ ಮದುವೆ, ಇನ್ನೊಂದು ಕಡೆ ನನ್ನ ಕಾರು. ಕೊನೆಗೆ, "ಆಗಲಿ, ಹೋದ್ರೆ ಹೋಗಲಿ, ಮದುವೆ ನಡೀಲಿ" ಅಂದೆ.

ನನ್ನ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಸೊಂಟದಿಂದ ಕೀ ಕಿತ್ತುಕೊಂಡು, ಮಾಂಗಲ್ಯದ ತಟ್ಟೆಯನ್ನ ಪಕ್ಕದ ಸೀಟಲ್ಲಿಟ್ಟು ಬೆಲ್ಟ್ ಹಾಕಿ, ಸ್ಟೇರಿಂಗ್ ಮುಂದೆ ಕೂತಳು.

"ತಳ್ಳಿ ಇಬ್ಬರೂ" ಅಂದಳು.

"ಆಣೆ ಕಣೇ!"

"ತಳ್ಳಿಸಲ್ಲ ಅಂತ ಆಣೆ ಮಾಡಿದ್ದು ನೀವು. ಇವತ್ತು ತಳ್ಳಿಸ್ತಿರೋಳು ನಾನು. ನಾನು ಯಾವ ಕರ್ಪೂರನೂ ಮುಟ್ಟಿಲ್ಲ. ಹೂಂ, ತಳ್ಳಿ."

ಮೀಮಾಂಸೆ ಓದಿದ ನನ್ನ ಗುರುಗಳಿಗೂ ಹೊಳೀತಿರಲಿಲ್ಲ ಈ ತರ್ಕ! ರೇಷ್ಮೆ ಪಂಚೆ ಎತ್ತಿಕಟ್ಟಿ ನಾನು, ಜರಿ ಜುಬ್ಬದಲ್ಲಿ ಬಾಮೈದ, ಹಲ್ಲು ಕಚ್ಚಿ ತಳ್ಳಿದೆವು. ನನ್ನ ಬಾಯಿಂದ ತಾನಾಗಿ "ಕ್ಲಚ್ಚು!" ಅಂತ ಬರೋದರೊಳಗೆ ಅವಳು ಬಿಟ್ಟಿದ್ದಳು. ಕಾರು ಗುರ್ ಅಂತ ಎದ್ದಿತು. ಎದ್ದಿದ್ದು ಹಾಗೇ ಬೀದಿ ಕೊನೆ ತಿರುಗಿತು.

ಹಾಗೇ ಹೋಗೇಬಿಟ್ಟಿತು.

"ಭಾವ, ಅಕ್ಕ ನಿಲ್ಲಿಸಲಿಲ್ಲ" ಅಂದ ಬಾಮೈದ.

"ನಿಲ್ಲಿಸಲ್ಲ ಕಣೋ" ಅಂದೆ.

ಖಾಲಿ ಟೊಮೇಟೊ ಕ್ರೇಟು ತುಂಬಿಕೊಂಡು ಶ್ರೀನಿವಾಸಪುರದ ಕಡೆ ಹೊರಟಿದ್ದ ಒಂದು ಗೂಡ್ಸ್ ಗಾಡಿಗೆ ಕೈ ಅಡ್ಡ ಹಾಕಿ ಹತ್ತಿದೆವು. ಹಿಂದೆ ಕ್ರೇಟುಗಳ ಮಧ್ಯೆ, ಕೈಯಲ್ಲಿ ಮದುವೆ ಹಾರ ಹಿಡ್ಕೊಂಡು ನಿಂತು ಹೋದೆವು. ದಾರೀಲಿ ಜನ ಯಾವುದೋ ಉತ್ಸವ ಮೂರ್ತಿ ಅಂತ ತಿಳಿದು ಕೈ ಮುಗಿದ್ರು. ನಾನು ಆಶೀರ್ವಾದ ಮಾಡಿದೆ, ಮತ್ತೇನು ಮಾಡ್ಲಿ?

ಛತ್ರಕ್ಕೆ ಹೋಗೋ ಹೊತ್ತಿಗೆ ಮುಹೂರ್ತಕ್ಕೆ ಸರಿಯಾಗಿತ್ತು. ಇವಳು ಬಾಗಿಲಲ್ಲೇ ಮಾಂಗಲ್ಯದ ತಟ್ಟೆ ಹಿಡ್ಕೊಂಡು, ಕೆದರಿದ ಕೂದಲಲ್ಲಿ ನಗ್ತಾ ನಿಂತಿದ್ದಳು.

"ನಿಲ್ಲಿಸಬಾರದಿತ್ತೇನೇ?"

"ನಿಲ್ಲಿಸಿ ಆಫ್ ಆದ್ರೆ ಮತ್ತೆ ತಳ್ಳೋರ್ ಯಾರ್ರೀ? ಶಿಫ್ಟ್ ಮುಗೀತಾ?" ಅಂದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಆ ಕೆರೆ ಪಕ್ಕದ ತಿರುವಲ್ಲಿ ಮೂರನೇ ಗೇರು ಹಾಕಿದೆ ನೋಡಿ, ಅಬ್ಬಾ! ಏನ್ ಹೋಗುತ್ತೆ ರೀ ಅದು! ಇಷ್ಟು ವರ್ಷ ಇದನ್ನೆಲ್ಲಾ ಒಬ್ಬರೇ ಅನುಭವಿಸಿದ್ರಾ?"

ಕಾರು ಮಾರಲಿಲ್ಲ. ಮಾರೋ ಮಾತೂ ಇಲ್ಲ. ಮದುವೆಯಾದ ವಾರಕ್ಕೆ ರಾಯಲ್ಪಾಡಿನ ಕೋಳಿ ಎದ್ದಿತು, ಸೆಲ್ಫ್ ಮೋಟಾರ್ ಬಂತು. ಈಗ ಕೀ ತಿರುಗಿಸಿದ್ರೆ ಸಾಕು, ಒಂದೇ ಏಟಿಗೆ ಸ್ಟಾರ್ಟ್. ಆದ್ರೆ ಕೀ ಅವಳ ಸೊಂಟದಲ್ಲಿರುತ್ತೆ. ನಾನು ಪೂಜೆಗೆಲ್ಲಾ ಬಸ್ಸಲ್ಲಿ ಹೋಗಿ ಬರ್ತೀನಿ.

ಮೊನ್ನೆ ಮಾಲೂರಲ್ಲಿ ಆ ನಾದಿನಿ ಮಗಳ ಕೂಸಿಗೆ ನಾಮಕರಣ. ಇವಳು ಓಡಿಸ್ತಿದ್ದಳು. ನಾನು ಪಕ್ಕದಲ್ಲಿ ಮೌನವ್ರತದಲ್ಲಿ ಕೂತಿದ್ದೆ. ನರಸಾಪುರದವರೆಗೂ ತಡ್ಕೊಂಡೆ. ಅಲ್ಲಿ ಏರು ಬಂತು ನೋಡಿ, ಬಾಯಿ ತಪ್ಪಿ "ಕ್ಲಚ್ಚು!" ಅಂದುಬಿಟ್ಟೆ. ಕಾರು ಮೆಲ್ಲಗೆ ಪಕ್ಕಕ್ಕೆ ನಿಂತಿತು. ಅವಳು ಕೈ ಚಾಚಿ ನನ್ನ ಕಡೆ ಬಾಗಿಲು ತೆಗೆದಳು. ನಾನು ಶಲ್ಯ ಹೆಗಲಿಗೇರಿಸಿಕೊಂಡು ಇಳಿದೆ.

ಅದೇ ಶಿಫ್ಟ್ ಬಿಟ್ಟ ಹೊತ್ತು. ಹಿಂದೆ ಬಂದ ಕಂಪನಿ ಬಸ್ಸಿನ ಹುಡುಗಿಯರು ಪಂಚೆ ಉಟ್ಟು ನಿಂತಿದ್ದ ನನ್ನನ್ನ ಅಯ್ಯೋ ಪಾಪ ಅಂತ ಹತ್ತಿಸಿಕೊಂಡ್ರು. ಕಿಟಕಿ ಪಕ್ಕ ಜಾಗ ಕೊಟ್ರು. ಏರು ಮುಗಿಯೋದರೊಳಗೆ ಹೂವು ತಗೊಳ್ಳೋಕೆ ಅಂಗಡಿ ಹತ್ತಿರ ನಿಂತಿದ್ದ ಕೆಂಪು ಕಾರು ಹಿಂದಿನಿಂದ ಬಂದು, ಹಾರ್ನ್ ಹೊಡೆದು, ಬಸ್ಸನ್ನ ಹಿಂದೆ ಹಾಕಿ ಜುಂಯ್ ಅಂತ ಹೋಯ್ತು. ಮೂರನೇ ಗೇರು, ಸರಿಯಾದ ಹೊತ್ತಿಗೆ.

"ಅಬ್ಬಬ್ಬಾ, ಯಾರ್ ಅಂಕಲ್ ಅದು? ಏನ್ ಓಡಿಸ್ತಾರೆ!" ಅಂದಳು ಪಕ್ಕದ ಸೀಟಿನ ಹುಡುಗಿ.

ನಾನು ಶಲ್ಯ ಸರಿಮಾಡಿಕೊಂಡು, "ನಾನೇ ಕಣಮ್ಮಾ ಕಲಿಸಿದ್ದು" ಅಂದೆ.